ಒಂದು ಬೆರಳಿನ ಸನ್ನೆ

ಸೆಪ್ಟೆಂಬರ್ ೧೨, ಗುರುವಾರ

ನನ್ನ ದೊಡ್ಡ ಮಗಳಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಮೂರು ವಾರವಾಯಿತು. ಕೆಲಸ ಹೆಚ್ಚಿತ್ತು ಎಂದು ಬರೆಯಬಹುದಿತ್ತು, ಆದರೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಯಾವತ್ತು ಕಡಿಮೆಯಿತ್ತು? ಎರಡು ಸಲ ಬರೆಯಲು ಕೂತು ಎದ್ದೆ. ಫೋನಿನಲ್ಲಂತೂ ನನಗೆ ಮಾತು ಬರುವುದಿಲ್ಲ, ನಿನಗೆ ಗೊತ್ತು. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಕ್ಷಮೆ ಕೇಳಿ ರೂಢಿಯಿಲ್ಲದವಳು ನಾನು. ಇಷ್ಟನ್ನೇ ಅದು ಎಂದು ತಿಳಿದುಕೋ.

ನಿಮ್ಮ ಬೇಸ್‌ಬಾಲ್ ಲೀಗ್ ಹೊಸದು, ಮೈದಾನದಲ್ಲಿ ಮುಕ್ಕಾಲು ಕುರ್ಚಿ ಖಾಲಿ ಎಂದು ಬರೆದಿದ್ದೀಯ. ನಿನ್ನ ರೂಮಿನ ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆ ಸಿಗುತ್ತದೆ, ಎಡಗೈ ಹೆಬ್ಬೆರಳು ಊದಿ ಗ್ಲೌಸ್ ಬಿಚ್ಚಲು ಇನ್ನೊಬ್ಬರನ್ನು ಕರೆಯಬೇಕು ಎಂದೂ ಬರೆದಿದ್ದೀಯ. ಅದನ್ನೆಲ್ಲ ಓದಿ ನಾನು ಅಲ್ಲಾಡಲಿಲ್ಲ. ಪರದೇಶಕ್ಕೆ ಹೋಗಿ ಮುಖಕ್ಕೆ ಕಬ್ಬಿಣದ ಜಾಲರಿ ಕಟ್ಟಿಕೊಂಡು ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವ ಕೆಲಸ ಬೇಕೆಂದವಳು ನೀನೇ.

ಆದರೆ ಕೊನೆಯ ಪುಟ. “ವೇಗದ ಚೆಂಡು ಕೇಳೋಕೆ ಎಸೆಯೋಳಿಗೆ ಒಂದು ಬೆರಳು ತೋರಿಸಬೇಕಮ್ಮ. ಬೆರಳು ಮುಂದೆ ಬರಲ್ಲ. ತೋರಿಸಿದ್ರೆ ತಂಗಿಯ ಭುಜ ಕಾಣುತ್ತೆ. ಎಸೆಯೋ ಹುಡುಗಿಯರು ನನ್ನ ಮೇಲೆ ದೂರು ಕೊಟ್ಟಿದ್ದಾರೆ. ಕೋಚ್ ನನ್ನನ್ನ ಬೆಂಚಲ್ಲಿ ಕೂರಿಸಿದ್ದಾರೆ. ಮುಂದಿನ ತಿಂಗಳ ಕೊನೆಗೆ ಬಿಟ್ಟು ಬರ್ತೀನಿ.”

ಬರಬೇಡ. ಬ್ಯಾಗು ಕಟ್ಟಿದ್ದರೆ ಬಿಚ್ಚು. ನಿನ್ನಪ್ಪ ಹೋದ ಮೇಲೆ ಈ ಮನೆಯಲ್ಲಿ ಮಾತು ಮುಗಿಸುವವಳು ನಾನು, ಈ ಮಾತನ್ನೂ ನಾನೇ ಮುಗಿಸುತ್ತಿದ್ದೇನೆ. ಲಾಂಡ್ರಿಯಲ್ಲಿ ನನ್ನ ಕೆಳಗೆ ಒಂಬತ್ತು ಹೆಂಗಸರಿದ್ದಾರೆ. ಅವರಲ್ಲಿ ಇಸ್ತ್ರಿಯವಳ ಬಾಯಿ ನಿನಗೆ ಗೊತ್ತಲ್ಲ, “ಅಲ್ಲ ಅಕ್ಕಾ, ನಿಮ್ಮ ಮಗಳು ಬರೀ ಹಿಡಿಯೋದೇ ಆಯ್ತು, ಹೊಡೆಯೋದು ಯಾವಾಗ?” ಎಂದಳು. “ಹೊಡೆಯುವವರು ಬರ್ತಾರೆ, ಹೋಗ್ತಾರೆ. ಆಟ ಮುಗಿಯೋವರೆಗೂ ಅಲ್ಲೇ ಕೂತಿರೋದು ನನ್ನ ಮಗಳು” ಎಂದೆ. ಒಂಬತ್ತು ಜನವೂ ತಮ್ಮ ತಮ್ಮ ಕೆಲಸಕ್ಕೆ ತಿರುಗಿದರು. ನೀನು ವಾಪಸು ಬಂದರೆ ನಾನು ಯಾವ ಮುಖ ಹೊತ್ತು ಆ ಬಾಗಿಲು ದಾಟಲಿ?

ಚಿಕ್ಕವಳ ವಿಷಯ ಕೇಳಿದ್ದೀಯ. ನನ್ನ ಜೊತೆಯಲ್ಲೇ ಲಾಂಡ್ರಿಗೆ ಬರುತ್ತಾಳೆ. ಒದ್ದೆ ಬಟ್ಟೆ ಎತ್ತಲಾಗುವುದಿಲ್ಲ, ಹಾಗಾಗಿ ಮೂಲೆಯ ಮೇಜಿನ ಹತ್ತಿರ ಕೂತು ರೋಗಿಗಳ ಗೌನಿನಲ್ಲಿ ಹೊಲಿಗೆ ಬಿಟ್ಟಿದೆಯಾ ಎಂದು ನೋಡುತ್ತಾಳೆ. ಹೋದ ತಿಂಗಳು ಡಾಕ್ಟರು ಅವಳ ಬಲಗೈಯನ್ನು ಮೇಲೆತ್ತಿ ನೋಡಿದರು. ಭುಜದ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. “ಇಷ್ಟೇ. ಇನ್ನು ಮೇಲೆ ಹೋಗಲ್ಲ” ಎಂದರು. ಚಿಕ್ಕವಳು ತೋಳು ಇಳಿಸಿ, “ಇಷ್ಟಾದ್ರೂ ಇದೆಯಲ್ಲ, ವೋಟು ಹಾಕಬಹುದು” ಎಂದಳು. ಡಾಕ್ಟರು ನಕ್ಕರು. ನಾನು ಕಿಟಕಿಯ ಕಡೆ ತಿರುಗಿದೆ.

ನೀನು ಎಷ್ಟು ಸಲ ಫೋನು ಮಾಡಿದರೂ ಅವಳು ತೆಗೆಯುವುದಿಲ್ಲ ಎಂದು ಬರೆದಿದ್ದೀಯ. ನಿಜ. ಮೇಜಿನ ಮೇಲೆ ಅದು ಹೊಡೆದುಕೊಳ್ಳುತ್ತಿದ್ದರೆ ನೋಡುತ್ತಾ ಕೂತಿರುತ್ತಾಳೆ. ಒಂದು ದಿನ ನಾನೇ ಗದರಿದೆ. “ನೋವಿದೆ ಅಂತ ಗೊತ್ತಿದ್ದೂ ವೇಗದ ಚೆಂಡೇ ಕೇಳಿದಳಮ್ಮ. ನನ್ನ ತೋಳು ಹೋದ್ರೂ ಪರವಾಗಿಲ್ಲ, ಅವಳು ಆಯ್ಕೆ ಆಗಬೇಕಿತ್ತು” ಎಂದಳು.

ಆ ಆಯ್ಕೆ ಪಂದ್ಯದ ದಿನ ನಾನು ತಂತಿ ಬೇಲಿಯ ಹಿಂದೆ ಕೂತಿದ್ದೆ. ಎಸೆಯುವವಳು ಅವಳು, ಹಿಡಿಯುವವಳು ನೀನು. ನಿನ್ನ ಬೆರಳು ನನಗೆ ಕಾಣುತ್ತಿರಲಿಲ್ಲ. ಆದರೆ ಗ್ಲೌಸಿನಲ್ಲಿ ಆಗುವ ಸದ್ದಿನಿಂದಲೇ ನೀನು ಯಾವ ಚೆಂಡು ಕೇಳಿದೆ ಎಂದು ತಿಳಿಯುತ್ತಿತ್ತು. ಬೆಳಗಿನಿಂದ ಬರೀ ವೇಗದ ಚೆಂಡು. ಆರನೇ ಇನಿಂಗ್ಸಿನಲ್ಲಿ ಒಂದು ಚೆಂಡು ನಿನ್ನವರೆಗೆ ಬರಲೇ ಇಲ್ಲ. ಅವಳು ಭುಜ ಹಿಡಿದುಕೊಂಡು ಅಲ್ಲೇ ಕುಸಿದಳು. ಲೀಗಿನವರು ಸಂಜೆ ನಿನ್ನ ಒಬ್ಬಳ ಹೆಸರನ್ನು ಬರೆದುಕೊಂಡು ಹೋದರು.

“ಅವಳಿಗೆ ನೋವಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಗೊತ್ತಿತ್ತು ಅಂತ ಯಾಕಮ್ಮ ಹೇಳ್ತಾಳೆ?” ಎಂದು ಕೇಳಿದ್ದೀಯ. ಏನು ಹೇಳಲಿ. ಆದದ್ದು ಆಯಿತು. ನೀನು ಅಲ್ಲಿ ಬೆಂಚಿನ ಮೇಲೆ ಕೂತು ಕೊರಗಿದರೆ ಇವಳ ತೋಳು ಮೇಲೇಳುವುದಿಲ್ಲ. ಒಂದು ಬೆರಳು ತೋರಿಸುವುದಕ್ಕೆ ಇಷ್ಟು ಹೆದರುವವಳನ್ನು ನಾನು ಹೆತ್ತಿಲ್ಲ.

ಹೆಬ್ಬೆರಳನ್ನು ಬಿಸಿನೀರಿನಲ್ಲಿ ಇಡು. ಹೊತ್ತುಹೊತ್ತಿಗೆ ಊಟ ಮಾಡು. ನಿನ್ನ ಮಂಡಿಗಳು ಗಟ್ಟಿಯಾಗಿರಲಿ, ಕೂತಲ್ಲಿಂದ ಏಳುವ ಶಕ್ತಿ ದೇವರು ನಿನಗೆ ಕೊಡಲಿ.

ನಿನ್ನ ಅಮ್ಮ

ತಾ.ಕ.: ಕಾಗದ ಮಡಚಿಟ್ಟಿದ್ದೆ, ಕಳಿಸಿರಲಿಲ್ಲ. ಇವತ್ತು ಬುಧವಾರ, ಮತ್ತೆ ಬಿಚ್ಚಿದೆ.

ಆ ದಿನ ಬೆಳಿಗ್ಗೆ ನೀನು ಬೇಗನೆ ಮೈದಾನಕ್ಕೆ ಹೋಗಿದ್ದೆ. ಚಿಕ್ಕವಳು ಅಡುಗೆಮನೆಗೆ ಬಂದು, “ಅಮ್ಮ, ತೋಳು ಎತ್ತೋಕೆ ಆಗ್ತಿಲ್ಲ. ನಾನು ಹೇಳಿದ್ರೆ ಅಕ್ಕ ನಾಟಕ ಅಂತಾಳೆ. ನಿಧಾನದ ಚೆಂಡೇ ಕೇಳು ಅಂತ ನೀನು ಹೇಳು” ಎಂದಳು. “ಹೇಳ್ತೀನಿ, ಹೊರಡು” ಎಂದೆ. ಮೈದಾನದಲ್ಲಿ ನೀನು ನನ್ನ ಹತ್ತಿರ ಬಂದೆ. ನಿನ್ನ ಎದೆಕಾಪಿನ ಪಟ್ಟಿಯನ್ನು ಬೆನ್ನ ಹಿಂದೆ ನಾನೇ ಬಿಗಿದೆ. ಹೇಳಲು ಅಷ್ಟು ಹೊತ್ತು ಸಾಕಿತ್ತು. ಹೇಳಲಿಲ್ಲ. ಮರೆತಿರಲಿಲ್ಲ. ನಿಧಾನಕ್ಕೆ ಎಸೆದರೆ ಆಯ್ಕೆಗೆ ಬಂದವರು ಅವಳನ್ನು ತಿರುಗಿಯೂ ನೋಡುವುದಿಲ್ಲ ಎಂದುಕೊಂಡೆ. ಇಬ್ಬರು ಹೆಣ್ಣುಮಕ್ಕಳನ್ನೂ ಒಂದೇ ವಿಮಾನ ಹತ್ತಿಸಿದವಳು ಅನ್ನಿಸಿಕೊಳ್ಳಬೇಕಿತ್ತು ನನಗೆ.

ನಾನು ನಿನಗೆ ಹೇಳಿದ್ದೇನೆ ಎಂದೇ ಅವಳು ನಂಬಿದ್ದಳು. ನೀವಿಬ್ಬರೂ ಬೇಯುವುದನ್ನು ಹತ್ತು ತಿಂಗಳು ನೋಡುತ್ತಾ ಬಾಯಿ ಮುಚ್ಚಿಕೊಂಡಿದ್ದೆ. ಬರಬೇಡ ಎಂದು ಮೇಲೆ ಬರೆದಿದ್ದೇನಲ್ಲ, ಹಾಗೆ ಹೇಳುವ ಯೋಗ್ಯತೆ ನನಗಿಲ್ಲ. ನಿನಗೆ ತೋಚಿದ್ದು ಮಾಡು.

ಭಾನುವಾರ ಚಿಕ್ಕವಳಿಗೆ ಹೇಳಿದೆ. ತೋಳು ಹೋದಾಗಿನಿಂದ ದಿನಾ ಅವಳ ತಲೆ ಬಾಚಿ ಜಡೆ ಹಾಕುವವಳು ನಾನೇ. ಮುಖ ನೋಡಿ ಹೇಳಲಾಗದೆ, ಜಡೆ ಹೆಣೆಯುತ್ತಾ ಹಿಂದಿನಿಂದ ಹೇಳಿದೆ. “ಅಕ್ಕನಿಗೆ ಗೊತ್ತೇ ಇರಲಿಲ್ವಾ?” ಎಂದು ಕೇಳಿದಳು. ಇಲ್ಲ ಎಂದೆ. ಅರ್ಧ ಹೆಣೆದ ಜಡೆಯನ್ನು ನನ್ನ ಕೈಯಿಂದ ಬಿಡಿಸಿಕೊಂಡು ಎದ್ದು ಹೋದಳು. ಸೋಮವಾರ ಕೆಲಸ ಮುಗಿಸಿ ಬರುವಾಗ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡು ಬಂದಳು. ಈಗ ಎಡಗೈಯಲ್ಲಿ ತಾನೇ ಬಾಚಿಕೊಳ್ಳುತ್ತಾಳೆ.