ಅಕ್ಕ ನೋಡಿದ ಪುಟ

ಗದಗ
ಬಿಡುತಿಂಗಳ ಇಪ್ಪತ್ತನೆಯ ದಿನ, 2174

ನೂರೈವತ್ತು ವರ್ಷ ಹಿಂದೆ ಇರುವ ನಿಮಗೆಲ್ಲ ಇಂದುಧರ ಹೊಂಬಳನ ವಂದನೆಗಳು.

ಮೇಲಿನ ತಾರೀಖು ನೋಡಿ ತಬ್ಬಿಬ್ಬಾಗಬೇಡಿ. ಅದು ನಿಮ್ಮ ಪಂಚಾಂಗದಲ್ಲೂ ಇಲ್ಲದ, ಕ್ಯಾಲೆಂಡರಿನಲ್ಲೂ ಇಲ್ಲದ ತಿಂಗಳು. ಮೇ, ಜೂನ್ ನಡುವೆ ಬಿಸಿಲು ಮನುಷ್ಯರನ್ನು ಹೊರಗೆ ಬಿಡದ ದಿನಗಳು ಹೆಚ್ಚುತ್ತ ಹೋದಾಗ ನಮ್ಮ ಹಿರಿಯರು ಉಳಿದ ತಿಂಗಳುಗಳಿಂದ ತಲಾ ಎರಡೆರಡು ದಿನ ಕಡಿದು ತಂದು ಈ ಹದಿಮೂರನೆಯದನ್ನು ಕಟ್ಟಿದರು. ಬಿಡುತಿಂಗಳಲ್ಲಿ ಶಾಲೆ ಇಲ್ಲ, ಕಚೇರಿ ಇಲ್ಲ, ಮದುವೆ ಮುಂಜಿ ಇಲ್ಲ. ಬೀದಿಯ ಮೇಲೆ ಈ ತುದಿಯಿಂದ ಆ ತುದಿಗೆ ನೆರಳುಬಟ್ಟೆ ಬಿಗಿದಿರುತ್ತದೆ. ಓಣಿಗೆ ಒಂದೇ ಅಡುಗೆಮನೆ ಹೊತ್ತು ಮೂಡುವ ಮುಂಚೆ ಎಲ್ಲರಿಗೂ ಬೇಯಿಸಿ ಒಲೆ ಆರಿಸಿಬಿಡುತ್ತದೆ. ಆಮೇಲೆ ಎಲ್ಲರೂ ಒಳಗೆ. ನಾನು ನಿಮ್ಮ ಕನ್ನಡವನ್ನು ಹಳೆಯ ಓದಿನಿಂದ ಕಲಿತವನು. ನನ್ನ ಮಾತು ಅಲ್ಲಲ್ಲಿ ಅಜ್ಜನ ಅಂಗಿ ತೊಟ್ಟ ಮೊಮ್ಮಗನ ಹಾಗೆ ಕಂಡರೆ ಕ್ಷಮಿಸಿ. ಹೊಸ ಪದ ಬಂದಲ್ಲಿ ಅಲ್ಲೇ ಬಿಡಿಸಿ ಹೇಳುತ್ತೇನೆ. ಈ ಪತ್ರ ಹಿಂದಕ್ಕೆ ಹೇಗೆ ಬರುತ್ತದೆ ಎಂದು ಮಾತ್ರ ಕೇಳಬೇಡಿ, ಆ ವಿದ್ಯೆ ನನ್ನದಲ್ಲ.

ನೀವು ಬ್ರೌಸರ್ ಎನ್ನುವುದನ್ನು ನಾವು ಜಾಲಂದ್ರ ಎನ್ನುತ್ತೇವೆ. ಹಳೆಗನ್ನಡದಲ್ಲಿ ಅದು ಜಾಲರಿ ಕಿಟಕಿಯ ಹೆಸರಂತೆ. ಇದನ್ನು ಕಟ್ಟುವ ಸಂಘ ನಮ್ಮ ಊರಿನಲ್ಲೇ ಇದೆ. ಪ್ರತಿ ವರ್ಷ ಬಿಡುತಿಂಗಳು ಮುಗಿದ ಕೂಡಲೇ ಹೊಸ ಆವೃತ್ತಿ ಹೊರಬರುತ್ತದೆ. ಅದಕ್ಕೆ ಮುಂಚೆ, ಜನ ಮನೆಯಲ್ಲೇ ಕೂತು ಗಾಜು, ಅಂದರೆ ನಿಮ್ಮ ಸ್ಕ್ರೀನು, ದಿಟ್ಟಿಸುವ ಈ ದಿನಗಳಲ್ಲಿ, ಮುಂದಿನದು ಹೇಗಿರಬೇಕು ಎಂದು ಅವರನ್ನು ಕೇಳುತ್ತೇವೆ. ಬಂದದ್ದನ್ನೆಲ್ಲ ಓದಿ, ಕೇಳಿ, ಕಟ್ಟುವವರಿಗೆ ಮುಟ್ಟಿಸುವವನು ನಾನು. ಬಿಡುತಿಂಗಳಲ್ಲೂ ಬಿಡುವಿಲ್ಲದ ನನ್ನ ಹುದ್ದೆಗೆ ಅಹವಾಲುಗಾರ ಎಂದು ಹೆಸರು.

ಎಂಥೆಂಥ ಅಹವಾಲುಗಳು! ನಾನು ಕೇಳುವ ಮೊದಲೇ ಉತ್ತರ ಕೊಡುತ್ತದೆ, ಕೇಳುವ ಸುಖವೂ ಬೇಡವೇ ಎಂದೊಬ್ಬರು. ಹೊಸ ಅಕ್ಷರ ದುಂಡಗಾಗಿ ಒತ್ತಕ್ಷರಗಳೆಲ್ಲ ಹೊಟ್ಟೆಯೊಳಗೆ ಹೋಗಿವೆ ಎಂದೊಬ್ಬರು. ಅದರ ದನಿ ನಮ್ಮತ್ತೆಯ ದನಿಯಂತೆ ಇದೆ, ಬದಲಿಸಿ ಎಂದು ಬ್ಯಾಡಗಿಯ ಸೊಸೆ. ಯಾಕೆ ಬದಲಿಸಿದಿರಿ, ಚಲೋ ಇತ್ತು ಎಂದು ಅದೇ ಮನೆಯ ಅತ್ತೆ. ಊಟ ಆಯ್ತೇ ಎಂದು ದಿನಾ ಕೇಳುವುದನ್ನು ನಿಲ್ಲಿಸಿ ಎಂದು ನೂರಾರು ಜನ ಬರೆದಿದ್ದರು, ನಿಲ್ಲಿಸಿದೆವು. ಮರುವರ್ಷ ಅವರಲ್ಲಿ ಅರ್ಧದಷ್ಟು ಜನ, ಅದೊಂದಾದರೂ ಕೇಳುತ್ತಿತ್ತು, ಮತ್ತೆ ಹಾಕಿ ಎಂದು ಬರೆದರು. ಓದುತ್ತ ನಾನು ನಗುತ್ತಿದ್ದೆ. ನಕ್ಕಾಗ ಯಾಕೆ ಎಂದು ಕೇಳುವವರು ಮನೆಯಲ್ಲಿ ಇರಲಿಲ್ಲ.

ಇನ್ನೊಂದು ಪದ ನಿಮಗೆ ತಿಳಿಯಬೇಕು: ಹೊಂದಿಕೆ. ನಮ್ಮ ಜಾಲಂದ್ರ ಯಾವ ಪುಟವನ್ನೂ ಇದ್ದ ಹಾಗೆ ತೋರಿಸುವುದಿಲ್ಲ. ನೋಡುವವರ ಕಣ್ಣು, ವಯಸ್ಸು, ಎದೆಯ ಬಡಿತ, ಹಿಂದಿನ ದುಃಖ ಎಲ್ಲವನ್ನೂ ಅರಿತು, ಅವರಿಗೆ ಒಗ್ಗುವಂತೆ ಆ ಕ್ಷಣದಲ್ಲೇ ಪುಟ ಹೆಣೆಯುತ್ತದೆ. ಒಂದೇ ಸುದ್ದಿ ಇಬ್ಬರಿಗೆ ಎರಡು ಬಗೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಹೊಂದಿಸಿದ್ದು ಬೇರೆಯವರ ಪುಟ, ತನಗೆ ಕಂಡದ್ದು ಮಾತ್ರ ನಿಜವಾದದ್ದು ಎಂದು ಪ್ರತಿಯೊಬ್ಬರೂ ಒಳಗೊಳಗೇ ನಂಬಿರುತ್ತಾರೆ.

ಹೋದ ವರ್ಷದ ಬಿಡುತಿಂಗಳಲ್ಲಿ ಲಕ್ಕುಂಡಿಯಿಂದ ಒಂದು ಅಹವಾಲು ಬಂತು. ನೆರಳುಬಟ್ಟೆ ನೇಯುವ ಫಕೀರವ್ವ ಎಂಬಾಕೆ ಗಾಜಿನ ಮುಂದೆ ಕೂತು ಹೇಳಿದ್ದು ಇಷ್ಟೇ: “ಹೊಸಾದೇನೂ ಬ್ಯಾಡ್ರಿ. ನಮ್ಮಕ್ಕ ನೋಡಿದ ಪುಟ ನನಗೂ ಒಮ್ಮೆ ತೋರಸ್ರಿ. ನಾ ನೋಡಿದ್ದು ಆಕಿಗೆ ತೋರಸ್ರಿ.”

ಕಟ್ಟುವವರ ಮುಖ್ಯಸ್ಥೆ ಜೀನತ್ ಮುಲ್ಲಾ ಅವರಿಗೆ ಅದನ್ನು ಮುಟ್ಟಿಸಿದೆ. ಆಕೆ ತಲೆ ಅಲ್ಲಾಡಿಸಿದರು. “ಅಕ್ಕ ನೋಡಿದ ಪುಟ ಅಂಬೋದು ಈಗ ಎಲ್ಲೂ ಇಲ್ರಿ ಇಂದುಧರ ಅವ್ರ. ಆಕಿ ನೋಡುವಾಗ ಹುಟ್ಟಿತ್ತು, ಕಣ್ಣು ಆಚೆ ಸರಿಸಿದ ಕೂಡ್ಲೆ ಹೋತು. ಇಲ್ಲದ್ದನ್ನ ಎಲ್ಲಿಂದ ತರೂಣು?”

ಆಗುವುದಿಲ್ಲ ಎಂದು ಗಾಜಿನಲ್ಲೇ ತಿಳಿಸಬಹುದಿತ್ತು. ಆದರೆ ಆ ನಿರಾಕರಣೆಯೂ ಹೊಂದಿಕೆಗೆ ಸಿಕ್ಕಿ ಆಕೆಗೆ ಎಂಥ ಸಿಹಿಮಾತಾಗಿ ಕಂಡೀತೋ ಎನಿಸಿತು. ನಸುಕಿನ ಬಸ್ಸು ಹಿಡಿದು ನಾನೇ ಲಕ್ಕುಂಡಿಗೆ ಹೋದೆ. ಆ ಊರಿನವರು ಬಿಡುತಿಂಗಳ ಹಗಲನ್ನು ಸಾವಿರ ವರ್ಷ ಹಳೆಯ ಮೆಟ್ಟಿಲು ಬಾವಿಗಳಲ್ಲಿ ಕಳೆಯುತ್ತಾರೆ. ಫಕೀರವ್ವನೂ ಅಂಥದೊಂದು ಬಾವಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು ಹರಿದ ನೆರಳುಬಟ್ಟೆಗೆ ತೇಪೆ ಹಾಕುತ್ತಿದ್ದರು. ಐವತ್ತು ದಾಟಿದ, ಗಟ್ಟಿ ಭುಜದ ಹೆಂಗಸು. ನಾನು ಯಾರೆಂದು ಹೇಳಿದ ಕೂಡಲೇ ಸೂಜಿ ಕೆಳಗಿಟ್ಟರು.

ಆಕೆಗೂ ಮುಂಡರಗಿಯಲ್ಲಿರುವ ಅಕ್ಕ ನೀಲವ್ವನಿಗೂ ಒಬ್ಬ ತಮ್ಮನಿದ್ದ, ಸೋಮನಿಂಗ. ಕಪ್ಪತಗುಡ್ಡದ ಮೇಲೆ ಕರೆಂಟು ಹುಟ್ಟಿಸುವ ಗಾಳಿಗಂಬ ಏರಿ ರೆಕ್ಕೆ ರಿಪೇರಿ ಮಾಡುವ ಕೆಲಸ ಅವನದು. ಒಂದು ದಿನ ಕಂಬದಿಂದ ಬಿದ್ದು ತೀರಿಕೊಂಡ. ವಿಚಾರಣೆಯ ವರದಿಯ ಪುಟ ಬಂದಾಗ ಇಬ್ಬರೂ ತಮ್ಮ ತಮ್ಮ ಊರಲ್ಲಿ, ತಮ್ಮ ತಮ್ಮ ಗಾಜಿನಲ್ಲಿ ಓದಿಕೊಂಡರು.

“ಬೆಲ್ಟು ಸವೆದಿತ್ತು, ಕಂಪನಿಯವರಿಗೆ ಗೊತ್ತಿತ್ತು ಅಂತ ನಾ ಕಣ್ಣಾರೆ ಓದೀನ್ರಿ,” ಎಂದರು ಫಕೀರವ್ವ. “ಅಕ್ಕ ಅಂತಾಳ, ಅಂವ ಬೆಲ್ಟು ಕಟ್ಟಿಕೊಳ್ಳದನ ಏರಿದ್ದ ಅಂತ. ಕೇಸು ಹಾಕೂಣು ಬಾ ಅಂದ್ರ ಬರ್ಲಿಲ್ಲ. ಕಂಪನಿ ಕಡೆ ಆಗೀದಿ ನೀ ಅಂದೆ.”

“ಅವರು ಏನಂದ್ರು?”

“ನಿನಗ ತಲಿ ಕೆಟ್ಟೈತಿ ಅಂದ್ಲು. ಅವತ್ತಿಂದ ಮಾತಿಲ್ಲ. ಆಕಿ ಮೊಮ್ಮಗಳ ತೊಟ್ಟಿಲಕ್ಕೂ ನಾ ಹೋಗಲಿಲ್ರಿ.” ಕೆಳಗಿಟ್ಟ ಸೂಜಿಯನ್ನು ಮತ್ತೆ ಎತ್ತಿಕೊಂಡು, “ಆಕಿ ಸುಳ್ಳು ಹೇಳೂ ಪೈಕಿ ಅಲ್ಲ. ಅದಕ್ಕ ನನಗ ನಿದ್ದಿ ಬರೂದಿಲ್ಲ,” ಎಂದರು.

ಆಗುವುದಿಲ್ಲ ಎಂಬ ಮಾತನ್ನು ನಾನು ಆಡಲಾಗದೆ ವಾಪಸು ತಂದೆ. ಜೀನತ್ ಅವರ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಅಕ್ಕ ನೋಡಿದ್ದು ಸಿಗದಿದ್ದರೆ ಬೇಡ, ಇಬ್ಬರೂ ಒಟ್ಟಿಗೆ ಕೂತಾಗ ಇಬ್ಬರಿಗೂ ಒಂದೇ ಕಾಣುವ ಹಾಗೆ ಮಾಡಬಹುದೇ ಎಂದು ಕೇಳಿದೆ.

“ಇಬ್ಬರಿಗೂ ಹೊಂದೂ ಪುಟ ಅಂದ್ರ ಯಾರಿಗೂ ಹೊಂದದ ಪುಟ ಆಗ್ತದ. ಒಣಾ ಸಂಗತಿ. ಅದನ್ನ ಓದಿ ಯಾರಿಗೆ ಸಮಾಧಾನ ಆದೀತು?”

“ಸಮಾಧಾನ ಕೇಳಿಲ್ರಿ ಆಕಿ. ಪುಟ ಕೇಳ್ಯಾಳ.”

ಜೀನತ್ ಒಂದು ಹಾಳೆ ಎಳೆದುಕೊಂಡು ಲೆಕ್ಕ ಹಾಕಿದರು. ಕೊನೆಗೆ, ಸೆಟ್ಟಿಂಗಿನ ಮೂಲೆಯಲ್ಲಿ ಎಲ್ಲೋ ಒಂದು ಕಡೆ ಇಡೋಣ, ಮೊದಲು ಆ ಅಕ್ಕತಂಗಿಯರೇ ಪರೀಕ್ಷೆ ಮಾಡಲಿ ಎಂದರು. ಅದಕ್ಕೆ ಜೊತೆನೋಟ ಎಂದು ಹೆಸರಿಟ್ಟೆವು. ಇಬ್ಬರು ಒಂದೇ ಗಾಜಿನ ಮೇಲೆ ಅಂಗೈ ಇಟ್ಟರೆ ಹೊಂದಿಕೆ ಪಕ್ಕಕ್ಕೆ ಸರಿದು, ಇದ್ದ ಸಂಗತಿ ಇದ್ದ ಹಾಗೆ ಕಾಣಬೇಕು.

ಮುಂಡರಗಿಯಲ್ಲಿ ನೀಲವ್ವ ಓಣಿಯಡುಗೆಯ ಹಿರಿಯಾಳು. ನಾನು ಹೋದಾಗ ಬೋಗುಣಿ ತಿಕ್ಕಿಸುತ್ತ ನಿಂತಿದ್ದರು. ನನ್ನ ಮಾತು ಮುಗಿಯುವ ತನಕ ತಿರುಗಿ ನೋಡಲಿಲ್ಲ.

“ಆಕಿ ನನ್ನ ಕರೆದಾಳೇನು?”

“ಇಲ್ರಿ. ನೀವು ನೋಡಿದ ಪುಟ ಕೇಳ್ಯಾರ.”

“ಹಂಗಾರ ನಡೀರಿ. ಒಮ್ಮೆ ನೋಡಿ ಬಾಯಿ ಮುಚ್ಚಿಕೊಳ್ಳಲಿ,” ಎಂದು ಸೆರಗಿಗೆ ಕೈ ಒರೆಸಿದರು. ಗೆಲ್ಲಲೆಂದೇ ಹೊರಟಿದ್ದರು. ತಂಗಿಯೂ ಗೆಲ್ಲಲೆಂದೇ ಕಾಯುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು.

ಬಾವಿಯ ಮೆಟ್ಟಿಲ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕೂತರು. ನಡುವೆ ಗಾಜು. ಅಂಗೈ ಇಡುವಾಗ ಕಿರುಬೆರಳು ತಾಕಿ ಇಬ್ಬರೂ ಸರ‍್ರನೆ ಎಳೆದುಕೊಂಡರು, ಮತ್ತೆ ಇಟ್ಟರು. ಬಣ್ಣವಿಲ್ಲದ, ದನಿಯಿಲ್ಲದ ಒಂದು ಪುಟ ಮೂಡಿತು. ಫಕೀರವ್ವ ಗಟ್ಟಿಯಾಗಿ ಓದಿದರು:

“ಸೋಮನಿಂಗ ಎಂಬುವವರು ಕಪ್ಪತಗುಡ್ಡದ ಗಾಳಿಗಂಬದಿಂದ ಬಿದ್ದು ತೀರಿಕೊಂಡಿದ್ದಾರೆ. ಸೊಂಟದ ಬೆಲ್ಟು ಹರಿದಿತ್ತು. ಹರಿದದ್ದು ಬೀಳುವ ಮೊದಲೋ ಬಿದ್ದ ಮೇಲೋ ತಿಳಿದುಬಂದಿಲ್ಲ. ಬಿದ್ದ ನಂತರ ಸ್ವಲ್ಪ ಹೊತ್ತು ಪ್ರಜ್ಞೆ ಇತ್ತು. ಅಕ್ಕಂದಿರಿಗೆ ಈಗಲೇ ಹೇಳಬೇಡಿ, ಗಾಬರಿಯಾಗುತ್ತಾರೆ ಎಂದು ಜೊತೆಯವರಿಗೆ ಹೇಳಿದರು.”

ಅಷ್ಟೇ ಇದ್ದದ್ದು.

“ಮಾತಾಡಿದ್ನ?” ಎಂದರು ನೀಲವ್ವ.

“ಮಾತಾಡ್ಯಾನ.”

“ಬಿದ್ದ ಕೂಡ್ಲೆ ಜೀವ ಹೋತು ಅಂತ ಇತ್ತಲ್ಲ ನನಗ.”

“ನನಗೂ ಹಂಗ ಇತ್ತು, ಅಕ್ಕಾ.”

ಆ ಒಂದು ಸಾಲನ್ನು ಹೊಂದಿಕೆ ಇಬ್ಬರಿಂದಲೂ ಮುಚ್ಚಿಟ್ಟಿತ್ತು. ಕೆಡುಕಿಗಾಗಿ ಅಲ್ಲ, ಕರುಣೆಯಿಂದಲೇ. ನೀಲವ್ವ ಇನ್ನೊಮ್ಮೆ ಓದು ಎಂದರು. ತಂಗಿ ಓದಿದರು. ಮತ್ತೊಮ್ಮೆ ಎಂದರು. ಮೂರನೆಯ ಸಲ ದನಿ ನಡುವೆಯೇ ನಿಂತಿತು, ಉಳಿದದ್ದನ್ನು ಅಕ್ಕನೇ ಓದಿ ಮುಗಿಸಿದರು. ಆಮೇಲೆ ಇಬ್ಬರೂ ಅತ್ತರು. ಅತ್ತು ಮುಗಿದ ಮೇಲೆ ಜಗಳ ಶುರುವಾಯಿತು. ಬೆಲ್ಟು ಹರಿದಿತ್ತು ಅಂದರೆ ಕಟ್ಟಿಕೊಂಡಿದ್ದ ಅಂತಾಯಿತಲ್ಲ ಎಂದು ತಂಗಿ. ಆತು, ಹರಿದಿತ್ತು ಅಂದರೆ ಹಳೇದು ಅಂತ ಯಾರು ಹೇಳಿದರು, ಬಿದ್ದ ರಭಸಕ್ಕೂ ಹರೀತದ ಎಂದು ಅಕ್ಕ. ದನಿ ಏರಿ ಬಾವಿಯ ಕಲ್ಲುಗಳೆಲ್ಲ ಮೊಳಗಿದವು. ಮೇಲಿನ ಮೆಟ್ಟಿಲ ಜನ ಬಗ್ಗಿ ನೋಡತೊಡಗಿದರು. ಅಂಥ ಜಗಳವನ್ನು ನಾನು ನನ್ನ ಆಯುಷ್ಯದಲ್ಲಿ ಕೇಳಿರಲಿಲ್ಲ. ಒಂದೇ ಸಾಲಿಗೆ ಬೆರಳಿಟ್ಟು ಇಬ್ಬರು ಜಗಳವಾಡುತ್ತಿದ್ದರು. ನಾನು ಸದ್ದಿಲ್ಲದೆ ಮೆಟ್ಟಿಲು ಹತ್ತಿ ಬಿಸಿಲಿಗೆ ಬಂದೆ. ಕೇಸಿನ ಮಾತು ಅವರಲ್ಲಿ ಇನ್ನೂ ತೀರ್ಮಾನವಾಗಿಲ್ಲವಂತೆ. ಫಕೀರವ್ವ ಈ ಬಿಡುತಿಂಗಳನ್ನು ಮುಂಡರಗಿಯಲ್ಲೇ ಕಳೆಯುತ್ತಿದ್ದಾರೆ.

ಜೊತೆನೋಟ ಹೋದ ವರ್ಷದ ಆವೃತ್ತಿಯಲ್ಲಿ ಬಂತು. ಆದರೆ ಅದನ್ನು ಬಳಸಿದವರು ತೀರ ಕಡಿಮೆ. ಬಳಸಿದ ಕೆಲವರೂ ದೂರು ಬರೆದರು: ಪುಟ ಒರಟಾಗಿದೆ, ನನ್ನ ಮನಸ್ಸು ಅರಿಯುವುದಿಲ್ಲ, ಇನ್ನೊಬ್ಬರಿಗೆ ಕಂಡದ್ದು ನನಗೇಕೆ. ಈ ವರ್ಷದ ಹೊಸ ಆವೃತ್ತಿಗೆ ಇನ್ನು ಕೆಲವೇ ದಿನ. ಅದರಲ್ಲಿ ಜೊತೆನೋಟ ಇರುವುದಿಲ್ಲ. ಜೀನತ್ ಬೇಸರದಿಂದಲೇ ತಿಳಿಸಿದರು. ಬೇಡ ಎಂದವರ ಅಹವಾಲುಗಳನ್ನೆಲ್ಲ ಅವರಿಗೆ ಮುಟ್ಟಿಸಿದ್ದವನು ನಾನೇ. ಅದು ನನ್ನ ಕೆಲಸ.

ಆ ಸಂಜೆ ಮನೆಗೆ ಬಂದು, ಹೋಗುವ ಮೊದಲು ಒಮ್ಮೆ ನೋಡೋಣ ಎಂದು ಜೊತೆನೋಟ ತೆರೆದೆ. ಒಂದು ಅಂಗೈ ಇಟ್ಟೆ. ಇನ್ನೊಬ್ಬರ ಕೈ ಬೇಕು ಎಂದಿತು. ಎಡಗೈಯನ್ನೂ ಇಟ್ಟೆ. ಇದೂ ನಿಮ್ಮದೇ ಎಂದಿತು, ಬಹಳ ಮೆಲ್ಲಗೆ. ಹೊಂದಿಕೆ ನನ್ನನ್ನು ಬಲ್ಲದು, ಎಷ್ಟು ಮೆಲ್ಲಗೆ ಹೇಳಬೇಕೆಂದೂ ಬಲ್ಲದು.

ನನಗೆ ಹೆಂಡತಿ ಇದ್ದಳು, ಮಂದಾಕಿನಿ. ಈಗ ಹೊಸಪೇಟೆಯಲ್ಲಿದ್ದಾಳೆ. ನಾವು ಜಗಳವಾಡಿ ಬೇರೆಯಾದವರಲ್ಲ. ಬೆಳಿಗ್ಗೆ ಅವಳು ಓದಿ ನಕ್ಕದ್ದು ನನಗೆ ಕಂಡಿರುತ್ತಿರಲಿಲ್ಲ, ನಾನು ಓದಿ ಮರುಗಿದ್ದು ಅವಳಿಗೆ. ಹೇಳಿಕೊಳ್ಳಲು ಹೋದರೆ ಇಬ್ಬರಿಗೂ ವಿವರಿಸಿ ಸಾಕಾಗುತ್ತಿತ್ತು. ಬರಬರುತ್ತ ಹೇಳುವುದನ್ನೇ ಬಿಟ್ಟೆವು. ಹೊರಡುವ ದಿನ ಅವಳು ಬಾಗಿಲಲ್ಲಿ ನಿಂತು, “ನಮಗ ಜಗಳಾಡಾಕೂ ಏನೂ ಉಳೀಲಿಲ್ಲ ನೋಡ್ರಿ,” ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ.

ನಿಮ್ಮನ್ನೂ ಜಾಲಂದ್ರ ಕಟ್ಟುವವರು ಕೇಳುತ್ತಿರಬೇಕು, ಮುಂದಿನದರಲ್ಲಿ ಏನು ಬೇಕು, ಏನು ಬೇಡ ಎಂದು. ವೇಗ ಬೇಕು, ಗದ್ದಲ ಬೇಡ, ನನಗೆ ಹಿಡಿಸದ್ದು ಕಣ್ಣಿಗೆ ಬೀಳಬಾರದು, ನನ್ನ ಮನಸ್ಸು ಅದಕ್ಕೇ ತಿಳಿಯಬೇಕು ಎಂದು ನೀವು ಬರೆಯುತ್ತೀರಿ. ಒಂದೊಂದೂ ನ್ಯಾಯವಾದದ್ದೇ. ನಮ್ಮ ಅಜ್ಜ ಮುತ್ತಜ್ಜಂದಿರು ಕೇಳಿದ್ದೂ ಅಷ್ಟೇ ನ್ಯಾಯವಾದದ್ದು. ನಮ್ಮನ್ನು ಯಾವ ದುಷ್ಟರೂ ಬೇರೆ ಮಾಡಲಿಲ್ಲ. ಕೇಳಿದ್ದನ್ನು ಕೊಟ್ಟರು, ವರ್ಷಕ್ಕೊಂದಿಷ್ಟು. ಎಚ್ಚರಿಕೆ ಎಂದು ಕೊಡಲು ನನ್ನಲ್ಲಿ ಇರುವುದು ಇಷ್ಟೇ.

ಪತ್ರ ಬರೆದ ನಿಜವಾದ ಕಾರಣ ಬೇರೆ. ಜೊತೆನೋಟ ಇನ್ನು ಕೆಲವು ದಿನ ಮಾತ್ರ ಇರುತ್ತದಲ್ಲ, ಅದಕ್ಕೆ ಹೊಸಪೇಟೆಗೆ ಹೋಗುವ ಬಸ್ಸಿನ ಡ್ರೈವರನ ಬಾಯಿಯಲ್ಲೇ ಮಂದಾಕಿನಿಗೆ ಹೇಳಿ ಕಳಿಸಿದೆ: ಒಮ್ಮೆ ಬಾ, ಒಂದು ಪುಟ ಒಟ್ಟಿಗೆ ನೋಡೋಣ. ಬರುವುದಿಲ್ಲ ಎಂದುಕೊಂಡಿದ್ದೆ. ಇವತ್ತು ನಸುಕಿನಲ್ಲಿ ಅದೇ ಡ್ರೈವರ್ ಬಸ್ಸು ನಿಲ್ಲಿಸಿ ನೆರಳುಬಟ್ಟೆಯ ಕೆಳಗಿಂದಲೇ ಕೂಗಿ ಹೇಳಿದ. “ಯಾವ ಪುಟ ಅಂತ ಕೇಳ್ಯಾರ್ರಿ! ನಾಳೆ ಹೇಳ್ರಿ!”

ಲಕ್ಷಾಂತರ ಜನರ ಬೇಕು ಬೇಡಗಳನ್ನು ಓದಿದವನು ನಾನು. ಬೆಳಗಿನಿಂದ ಕೂತಿದ್ದೇನೆ, ಒಂದೂ ಹೊಳೆಯುತ್ತಿಲ್ಲ. ನೀವಿನ್ನೂ ಒಂದೇ ಪುಟದ ಮುಂದೆ ಇಬ್ಬರು ಕೂತು ರೂಢಿ ಇರುವವರು. ಬಹಳ ದಿನ ಮಾತಿಲ್ಲದ ಗಂಡ ಹೆಂಡತಿ ಮೊದಲು ಯಾವುದನ್ನು ನೋಡಬೇಕು? ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಬಸ್ಸು ನಾಳೆ ಹೊತ್ತು ಮೂಡುವ ಮುಂಚೆ ಬರುತ್ತದೆ.

ನಿಮ್ಮವನು,
ಇಂದುಧರ ಹೊಂಬಳ