ಒಂದು ನೂಲಿನಷ್ಟು

ಸೋಮವಾರ, ಸಲೂನು ತೆರೆಯುವ ಮುಂಚೆ

ನನ್ನ ಪ್ರೀತಿಯ ಅಕ್ಕ,

ಎದುರಿಗೆ ಹೊಗಳಿದರೆ ಏನು ಬೇಕಾಗಿತ್ತು ಅಂತ ಕೇಳುತ್ತೀಯ. ಅದಕ್ಕೇ ಈ ಕಾಗದ.

ಆರು ತಿಂಗಳ ಹಿಂದೆ ಆ ದಿನ ನಿಮ್ಮ ಮನೆಯಲ್ಲಿ ಭಾವ ಕುತ್ತಿಗೆಯ ಎಡಭಾಗ ಹಿಡಿದುಕೊಂಡು ಕೂತಿದ್ದರು. ಡ್ಯೂಟಿಯಲ್ಲಿ ಬಸ್ಸು ರಿವರ್ಸ್ ತೆಗೆಯುವಾಗ ಉಳುಕಿರಬೇಕು ಎಂದರು. ಇಪ್ಪತ್ತು ವರ್ಷ ಕತ್ತರಿ ಹಿಡಿದವನೆಂಬ ಜಂಬ ನನಗೆ. ಲಟಕ್ಕನೆ ಒಂದು ನೆಟಿಗೆ ತೆಗೆದರೆ ಕುತ್ತಿಗೆ ಹಗುರಾಗುತ್ತದೆ ಎಂದು ಅವರ ಗದ್ದಕ್ಕೆ ಕೈ ಹಾಕಿದೆ.

ನೀನು ಹೊಲಿಗೆ ಯಂತ್ರದಿಂದ ಎದ್ದು ಬಂದು ನನ್ನ ಕೈ ತಳ್ಳಿದೆ. ಅವರ ಮುಖವನ್ನೇ ನೋಡಿ, "ಎಡಗಣ್ಣಿನ ಅಳತೆ ತಪ್ಪಿದೆ. ಏಳಿ, ಆಸ್ಪತ್ರೆಗೆ ಹೋಗೋಣ" ಅಂದೆ. ನಿದ್ದೆಗಣ್ಣು ಅಂತ ನಾನು ನಕ್ಕೆ. ರೆಪ್ಪೆ ಒಂದು ನೂಲಿನಷ್ಟು ಇಳಿದಿತ್ತು, ಪಾಪೆ ಚಿಕ್ಕದಾಗಿತ್ತು. ವಾರವಾರ ಆ ಮುಖಕ್ಕೆ ಸೋಪು ಹಚ್ಚುವ ನನಗೇ ಕಂಡಿರಲಿಲ್ಲ.

ಮಿದುಳಿಗೆ ರಕ್ತ ಒಯ್ಯುವ ಕುತ್ತಿಗೆಯ ರಕ್ತನಾಳದ ಒಳಪದರ ಹರಿದಿದೆ, ರೆಪ್ಪೆ ಇಳಿದದ್ದೂ ಅದಕ್ಕೇ, ಹರಿದ ಕಡೆ ರಕ್ತ ಹೆಪ್ಪುಗಟ್ಟಿದೆ, ಅದರ ಚೂರು ಮೇಲೆ ಹೋದರೆ ಪಾರ್ಶ್ವವಾಯು ಹೊಡೆಯುತ್ತದೆ ಎಂದರು ಡಾಕ್ಟರಮ್ಮ. ಒಳಗಿನ ಲೈನಿಂಗ್ ಹರಿದಿದೆಯಾ ಅಂತ ನೀನು ಕೇಳಿದೆ. ಇನ್ನು ಮೇಲೆ ನಾನೂ ಹೀಗೇ ಹೇಳುತ್ತೇನೆ ಎಂದು ಅವರು ನಕ್ಕರು. ಆ ಸ್ಥಿತಿಯಲ್ಲಿ ಕುತ್ತಿಗೆ ತಿರುಚಿದ್ದರೆ ಗತಿ ಏನಾಗುತ್ತಿತ್ತೋ ಎಂದಾಗ ನಾನು ಕೈಗಳನ್ನು ಜೇಬಿಗೆ ತುರುಕಿಕೊಂಡೆ.

ರಕ್ತ ತೆಳುವಾಗಿಸುವ ಮಾತ್ರೆ ನುಂಗಿಸುತ್ತ ಆರು ತಿಂಗಳು ನೀನು ಅವರನ್ನು ಕಾದೆ. ಮೊನ್ನೆಯ ಸ್ಕ್ಯಾನಿನಲ್ಲಿ ಹರಿದದ್ದು ಕೂಡಿಕೊಂಡಿದೆ ಎಂದು ಗೊತ್ತಾದಾಗ ನಾನು ಅತ್ತುಬಿಟ್ಟೆ. ನಿನ್ನಂಥವಳು ನನ್ನ ಅಕ್ಕ ಎನ್ನಲು ಹೆಮ್ಮೆಯಾಗುತ್ತದೆ. ಸಲೂನಿನಲ್ಲಿ ನೆಟಿಗೆ ತೆಗೆಯುವುದನ್ನು ಬಿಟ್ಟಿದ್ದೇನೆ. ಗಿರಾಕಿಗಳು ಗೊಣಗುತ್ತಾರೆ, ಗೊಣಗಲಿ.

ನಿನ್ನ ಬೈಗುಳಕ್ಕೆ ಒಗ್ಗಿಹೋದ
ತಮ್ಮ

ಮರೆತ ಮಾತು: ಮರೆತದ್ದಲ್ಲ, ಹೆದರಿ ಬಿಟ್ಟದ್ದು. ಬಸ್ಸಿನ ಕಥೆ ಸುಳ್ಳು. ಆಸ್ಪತ್ರೆಗೆ ಹೋದದ್ದರ ಹಿಂದಿನ ದಿನ ಕಟಿಂಗ್ ಮುಗಿಸಿ, ಅವರು ಬೇಡ ಬೇಡವೆಂದರೂ ಕೇಳದೆ ನಾನೇ ನೆಟಿಗೆ ತೆಗೆದಿದ್ದೆ. ಆಮೇಲೆ ಒಬ್ಬನೇ ಹೋಗಿ ಡಾಕ್ಟರಮ್ಮನನ್ನು ಕೇಳಿದೆ. ಅದರಿಂದಲೇ ಎಂದು ಖಚಿತವಾಗಿ ಹೇಳಲಾಗದು, ಆಗಿರಲೂಬಹುದು ಎಂದರು. ನೋವು ಶುರುವಾದದ್ದು ಆ ನೆಟಿಗೆಯಿಂದ ಎಂದು ಭಾವನಿಗೆ ಮೊದಲಿನಿಂದಲೂ ಗೊತ್ತು. "ನಿಮ್ಮಕ್ಕನಿಗೆ ಹೇಳ್ಬೇಡ, ನಿನ್ ಜೊತೆ ಮಾತು ಬಿಟ್ಬಿಡ್ತಾಳೆ" ಅಂದಿದ್ದರು. ಭಾನುವಾರ ಕಟಿಂಗಿಗೆ ಬರುತ್ತಾರಂತೆ. ನೀನು ಹೂಂ ಅನ್ನುವವರೆಗೆ ನಾನು ಅವರ ತಲೆ ಮುಟ್ಟುವುದಿಲ್ಲ.