ಹೆಸರು ಹೇಳಲಾರದವಳಿಗೆ ಬೆತ್ತದ ಏಟು

ದಾವಣಗೆರೆ, ೧೯೬೩

ಮಾನ್ಯ ಪೊಲೀಸ್ ಅಧಿಕಾರಿಗಳೇ,

ಕಳೆದ ಶ್ರಾವಣದಲ್ಲಿ ಹರಿಹರದ ನಿಮ್ಮದೊಂದು ಹೊರಠಾಣೆಯಲ್ಲಿ, ತನ್ನ ಹೆಸರು ಹೇಳಲಿಲ್ಲವೆಂಬ ಘೋರ ಅಪರಾಧಕ್ಕಾಗಿ ನನ್ನ ಹೆಂಡತಿ ಗಿರಿಯಮ್ಮನ ಅಂಗೈಗೆ ಬೆತ್ತದಿಂದ ಹೊಡೆಯಲಾಯಿತು. ಅರ್ಜಿ ಕೊಟ್ಟೆ, ಉತ್ತರ ಬರಲಿಲ್ಲ. ಆದ್ದರಿಂದ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ. ಸಿಟ್ಟಿನಿಂದಲ್ಲ. ಸಿಟ್ಟು ಬರಬೇಕಿತ್ತು, ಬರುತ್ತಿಲ್ಲ.

ಗಿರಿಯಮ್ಮನಿಗಿರುವುದು ಮರೆವಿನ ಕಾಯಿಲೆ. ಓಣಿಯವರು ಅರಳುಮರಳು ಎನ್ನುತ್ತಾರೆ. ಡಾಕ್ಟರು ಹೇಳಿದ್ದು ಬೇರೆ. ಮೆದುಳೇ ಸವೆಯುತ್ತಿದೆಯಂತೆ, ನಿನ್ನೆಯದು ಮೊದಲು ಅಳಿಸಿಹೋಗುತ್ತದೆ, ಬಾಲ್ಯದ್ದು ಕೊನೆಗೆ. ಮನಸ್ಸಿನಲ್ಲಿದ್ದ ಮಾತು ನಾಲಿಗೆಗೆ ಬರುವಷ್ಟರಲ್ಲಿ ಬೇರೆಯಾಗಿರುತ್ತದೆ. ನೀರು ಬೇಕಾದರೆ ಆಕೆ ದೀಪ ಕೇಳುತ್ತಿದ್ದಳು. ಗದರಿದ ದನಿ ಮಾತ್ರ ಚೆನ್ನಾಗಿ ಅರ್ಥವಾಗುತ್ತದೆ.

ಆ ದಿನ ನಾನು ಸಂತೆಗೆ ಹೋಗಿದ್ದಾಗ ಆಕೆ ಹೇಗೋ ರೈಲು ಹತ್ತಿ ಹರಿಹರಕ್ಕೆ ಹೋದಳು. ತಾನು ಹುಟ್ಟಿದ ಮನೆಯನ್ನು ತಪ್ಪದೆ ಹುಡುಕಿದಳು. ಅದು ಮಾರಾಟವಾದದ್ದು ಆಕೆಯ ನೆನಪಿನಲ್ಲಿಲ್ಲ. ಸೀದಾ ಅಡುಗೆಮನೆಗೆ ಹೋಗಿ ಅಕ್ಕಿ ಆರಿಸುತ್ತ ಕೂತಳಂತೆ. ಈಗ ಅಲ್ಲಿರುವ ಮನೆಯವರು ಕಳ್ಳಿಯೆಂದು ಹೆದರಿ ನಿಮ್ಮವರನ್ನು ಕರೆದರು. ಅವರನ್ನು ದೂರುವುದಿಲ್ಲ. ನಿಮ್ಮ ದಫೇದಾರರು ಹೆಸರು ಕೇಳಿದಾಗ ಆಕೆ ತನ್ನ ತಾಯಿಯ ಹೆಸರು ಹೇಳಿದಳು. ಮತ್ತೆ ಕೇಳಿದಾಗ ಅಕ್ಕಿ ಎಂದಳು. ನಾಟಕವೆಂದು ತೀರ್ಮಾನಿಸಿ ಅವರು ಬೆತ್ತ ತೆಗೆದುಕೊಂಡರು. ಅದು ನಾಟಕವಾಗಿರಲಿ ಎಂದು ನಾನೂ ಎಷ್ಟೋ ಸಲ ಹಾರೈಸಿದ್ದೇನೆ ಸ್ವಾಮಿ.

ಹರಿಹರಕ್ಕೆ ಬಾಡಿಗೆಗೆ ಹೋಗಿ ಆಕೆಯನ್ನು ಕಂಡು ಬಂದಿದ್ದ ನಮ್ಮ ಪರಿಚಯದ ಜಟಕಾ ಗಾಡಿಯ ಮೌಲಾ ಸಾಬ್ ಅವರಿಂದ ಸುದ್ದಿ ತಿಳಿದು, ನಾವಿಬ್ಬರೂ ಠಾಣೆಗೆ ಓಡಿದೆವು. ಆಕೆ ಲಾಕಪ್ಪಿನ ನೆಲದ ಮೇಲೆ ಅಂಗೈ ಮಡಚಿಕೊಂಡು ಕೂತಿದ್ದಳು.

"ನಿಮ್ಮ ಹೆಂಡ್ತಿ ಆಗಿದ್ರೆ ನಿಮ್ಮ ಹೆಸರು ಹೇಳ್ಲಿ ನೋಡಾನ," ಎಂದರು ದಫೇದಾರರು.

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಹೆಂಗಸರು ಅವರ ಮನೆಯಲ್ಲಿ ಇರಬಹುದು. ಬುದ್ಧಿ ಸರಿಯಿದ್ದಾಗಲೂ ಗಿರಿಯಮ್ಮ ಹೇಳಿದವಳಲ್ಲ. ಆಕೆ ನನ್ನನ್ನು ಬಹಳ ಹೊತ್ತು ನೋಡಿದಳು.

"ಇವ್ರು ಯಾರೋ ಒಳ್ಳೇರು ಕಾಣ್ತಾರ್ರಿ. ನಮ್ಮ ಮನಿಗೆ ಬಿಟ್ಟು ಬರ್ತಾರೇನು ಕೇಳ್ರಿ."

ದಫೇದಾರರು ನಕ್ಕರು. ಮೌಲಾ ಸಾಬ್ ಊರೊಳಗೆ ಹೋಗಿ ತಮಗೆ ಪರಿಚಯದ ವಕೀಲರನ್ನು ಕರೆತಂದ ಮೇಲೆ, ಸಂಜೆಗೆ ಆಕೆಯನ್ನು ಬಿಟ್ಟರು. ರೈಲಿನಲ್ಲಿ ನಾನು ಕೈ ಹಿಡಿಯಲು ಹೋದರೆ ಹಿಡಿಯಗೊಡಲಿಲ್ಲ.

ಅಂದಿನಿಂದ ಆಕೆ ಮಾತಾಡಿಲ್ಲ. ತಪ್ಪು ಮಾತುಗಳನ್ನೂ ಆಡುತ್ತಿಲ್ಲ. ಏಟು ಬಿದ್ದದ್ದು ಆಕೆಗೆ ಮರೆತಿದೆಯೆಂದು ಡಾಕ್ಟರು ಹೇಳುತ್ತಾರೆ. ಆದರೂ ಅಂಚೆಯವನ ಖಾಕಿ ಅಂಗಿ ಕಂಡರೆ ಬಾಗಿಲ ಹಿಂದೆ ಸರಿಯುತ್ತಾಳೆ. ಮರೆತ ಮೇಲೂ ಉಳಿಯುವ ಈ ಹೆದರಿಕೆ ಮೆದುಳಿನ ಯಾವ ಭಾಗದಲ್ಲಿ ಇರುತ್ತದೆ? ಬೆತ್ತದಿಂದ ವಿಚಾರಿಸಬಲ್ಲ ನಿಮ್ಮ ಇಲಾಖೆಗೆ ತಿಳಿದಿದ್ದರೆ ತಿಳಿಸಿ.

ಕ್ಷಮಾಪಣೆ ಬೇಡ, ಅದು ಏತಕ್ಕೆಂದು ಆಕೆಗೆ ಗೊತ್ತಾಗುವುದಿಲ್ಲ. ಹೆಸರು ಹೇಳಲಾರದ ಮುದುಕರು ಸಿಕ್ಕರೆ ಹೊಡೆಯದೆ, ಕೂಡಿಹಾಕದೆ, ಮೊದಲು ಡಾಕ್ಟರಿಗೆ ತೋರಿಸಬೇಕೆಂದು ಎಲ್ಲ ಠಾಣೆಗಳಿಗೂ ಆಜ್ಞೆ ಹೊರಡಿಸಿ. ಅದನ್ನು ತಿಳಿಸಲು ನಮ್ಮ ಮನೆಗೆ ಯಾರನ್ನಾದರೂ ಕಳಿಸುವುದಾದರೆ, ದಯವಿಟ್ಟು ಖಾಕಿಯಲ್ಲಿ ಕಳಿಸಬೇಡಿ.

ಇಂತಿ,
ಯಾರೋ ಒಳ್ಳೆಯವನು,
ಗಿರಿಯಮ್ಮನ ಗಂಡ ವಾಮದೇವಪ್ಪ